ಇಂಪ್ಲಾಂಟ್ ಹಾಕಿಸುವ ಮುನ್ನ: ಸ್ಕ್ರೂ ಆಮೇಲೆ, ಮೊದಲು ಹಲ್ಲು

ನನ್ನ ಮೇಜಿನ ಮೇಲೆ ದಿನಾ ಬೇರೆಯವರ ದವಡೆಗಳು ಸಾಲಾಗಿ ಕೂತಿರುತ್ತವೆ. ಗಾಬರಿ ಬೇಡ, ಅವು ಪ್ಲಾಸ್ಟರ್‌ನಲ್ಲಿ ಹೊಯ್ದ ಅಚ್ಚುಗಳು. ಡೆಂಟಲ್ ಲ್ಯಾಬ್‌ನಲ್ಲಿ ಕ್ಯಾಪ್, ಬ್ರಿಡ್ಜ್, ಹಲ್ಲುಸೆಟ್ ಮಾಡುವುದು ನನ್ನ ಕೆಲಸ. ಡಾಕ್ಟರು ದವಡೆಯೊಳಗೆ ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಬೇರಿನ ಬದಲು ಮೂಳೆಯಲ್ಲಿ ನಿಲ್ಲುವ ಸ್ಕ್ರೂ, ಕೂರಿಸಿ ಅಚ್ಚು ಕಳಿಸುತ್ತಾರೆ, ನಾವು ಅದರ ಮೇಲೆ ಹಲ್ಲು ಕಟ್ಟುತ್ತೇವೆ.

ಹೋದ ತಿಂಗಳು ಒಂದು ಅಚ್ಚು ಬಂತು. ಮೇಲಿನ ಬಾಚಿಹಲ್ಲಿನ ಜಾಗದ ಇಂಪ್ಲಾಂಟ್ ತುಟಿಯ ಕಡೆಗೆ ವಾಲಿತ್ತು. ಹಲ್ಲು ಕಟ್ಟಿ ನೋಡಿದರೆ, ಹಲ್ಲನ್ನು ಇಂಪ್ಲಾಂಟಿಗೆ ಬಿಗಿಯುವ ಸಣ್ಣ ಸ್ಕ್ರೂ ಹಾಕುವ ತೂತು ಹಲ್ಲಿನ ಎದುರುಭಾಗದ ಸರಿಯಾಗಿ ನಡುವೆ ಬಂದಿದೆ! ನಕ್ಕರೆ ಮೊದಲು ಕಾಣುವುದೇ ಅದು. ಒಳ್ಳೆಯ ಕಂಪನಿಯ ಇಂಪ್ಲಾಂಟೇ, ಮೂಳೆಯಲ್ಲಿ ಗಟ್ಟಿಯಾಗಿಯೇ ಹಿಡಿದಿತ್ತು. ಕೂತ ಜಾಗ ಮಾತ್ರ ತಪ್ಪು. ಗಟ್ಟಿಯಾಗಿ ಹಿಡಿದ ಮೇಲೆ ಅದನ್ನು ಅಲ್ಲಾಡಿಸಲೂ ಆಗುವುದಿಲ್ಲ.

ನೆಂಟರು, ಸ್ನೇಹಿತರು ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: ‘ಯಾವ ಕಂಪನಿದು ಹಾಕಿಸ್ಲಿ?’ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದ್ದನ್ನು ಕ್ರಮವಾಗಿ ಹೇಳುತ್ತೇನೆ.

ಹೆಜ್ಜೆ 1: ಇಂಪ್ಲಾಂಟೇ ಬೇಕಾ?

ಹೋದ ಹಲ್ಲಿನ ಆಚೀಚೆಯ ಹಲ್ಲುಗಳನ್ನು ನೋಡಿ. ಅವುಗಳಿಗೆ ಆಗಲೇ ಕ್ಯಾಪ್ ಇದ್ದರೆ, ಅಥವಾ ಅರ್ಧಕ್ಕರ್ಧ ಫಿಲ್ಲಿಂಗೇ ತುಂಬಿದ್ದರೆ, ಬ್ರಿಡ್ಜ್, ಅಂದರೆ ಆ ಎರಡಕ್ಕೂ ಕ್ಯಾಪ್ ಹಾಕಿ ನಡುವೆ ಹಲ್ಲು ಕಟ್ಟುವುದು, ಒಳ್ಳೆಯ ದಾರಿ. ಹೇಗೂ ಅವಕ್ಕೆ ಕ್ಯಾಪ್ ಬೇಕೇ ಬೇಕು. ಎರಡೂ ಚೆನ್ನಾಗಿದ್ದರೆ ಬ್ರಿಡ್ಜ್‌ಗಾಗಿ ಅವನ್ನು ಅರೆಸಬೇಡಿ. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಮುಂದಿನ ಒಂದೇ ಹಲ್ಲು ಹೋಗಿದೆ, ವಯಸ್ಸು ಇನ್ನೂ ಚಿಕ್ಕದು ಅಂದರೆ ಪಕ್ಕದ ಹಲ್ಲಿನ ಬೆನ್ನಿಗೆ ಅಂಟಿಸುವ ಮೇರಿಲ್ಯಾಂಡ್ ಬ್ರಿಡ್ಜ್ ಇದೆ. ದವಡೆ ಇನ್ನೂ ಬೆಳೆಯುತ್ತಿರುವ ಹುಡುಗ ಹುಡುಗಿಯರಿಗೆ ಇಂಪ್ಲಾಂಟ್ ಬೇಡವೇ ಬೇಡ. ಮೇಲ್ದವಡೆಯಲ್ಲಾದರೆ ಪಕ್ಕದ ಹಲ್ಲುಗಳು ದವಡೆಯ ಜೊತೆ ಕೆಳಗಿಳಿಯುತ್ತವೆ, ಇಂಪ್ಲಾಂಟ್ ಇದ್ದಲ್ಲೇ ಇರುತ್ತದೆ. ಕೆಲವು ವರ್ಷ ಕಳೆದರೆ ಆ ಒಂದು ಹಲ್ಲು ಮಾತ್ರ ಮೇಲೆ ಸಿಕ್ಕಿಕೊಂಡ ಹಾಗೆ ಕಾಣುತ್ತದೆ.

ಬುದ್ಧಿಹಲ್ಲು ಹೋಗಿದ್ದರೆ ಸುಮ್ನೆ ಬಿಟ್ಟುಬಿಡಿ.

ಹೆಜ್ಜೆ 2: ಮೈ ಒಪ್ಪುತ್ತದಾ?

ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ ತೊಂದರೆ ಇಲ್ಲ, ಇಲ್ಲದಿದ್ದರೆ ಮೊದಲು ಅದನ್ನು ಹತೋಟಿಗೆ ತನ್ನಿ. ಸಿಗರೇಟ್ ಸೇದುವವರಲ್ಲಿ ಇಂಪ್ಲಾಂಟ್ ಬಿದ್ದುಹೋಗುವ ಸಾಧ್ಯತೆ ಸೇದದವರಿಗಿಂತ ಜಾಸ್ತಿ. ಮೂಳೆ ಸವೆತಕ್ಕೆ ಬಿಸ್ಫಾಸ್ಫೋನೇಟ್ ಅಥವಾ ಡೆನೊಸುಮ್ಯಾಬ್ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ತೆಗೆದುಕೊಂಡಿದ್ದರೂ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಒಸಡಿನಲ್ಲಿ ರಕ್ತ, ಕೀವು ಇದ್ದರೆ ಮೊದಲು ಅದು ವಾಸಿಯಾಗಲಿ.

ಹೆಜ್ಜೆ 3: ಮೂಳೆ ಎಷ್ಟಿದೆ? (ಎಡವುವುದು ಇಲ್ಲೇ)

ಈ ಹೆಜ್ಜೆಯನ್ನು ನಿಧಾನವಾಗಿ ಓದಿ. ನನ್ನ ಮೇಜಿಗೆ ಬರುವ ಎಡವಟ್ಟುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟಿದವು.

ಹಲ್ಲು ಇದ್ದಾಗ ಮಾತ್ರ ಮೂಳೆಗೆ ಕೆಲಸ. ಹಲ್ಲು ಕಿತ್ತ ಮೇಲೆ ಅಲ್ಲಿಯ ಮೂಳೆ ಕರಗತೊಡಗುತ್ತದೆ. ಮೊದಲ ವರ್ಷದಲ್ಲಿ ಅದರ ಅಗಲ ಹೆಚ್ಚುಕಡಿಮೆ ಅರ್ಧ ಹೋಗಬಹುದು, ಅದರಲ್ಲೂ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲೇ. ಹತ್ತು ವರ್ಷ ಬಿಟ್ಟು ಬಂದವರ ದವಡೆ ಗದ್ದೆಯ ಸವೆದ ಬದುವಿನ ಹಾಗಿರುತ್ತದೆ: ಎತ್ತರ ಇದ್ದ ಹಾಗೆ ಕಾಣುತ್ತದೆ, ಮೇಲೆ ನಿಲ್ಲಲು ಅಗಲವೇ ಇಲ್ಲ.

ಇಡೀ ಬಾಯಿಯ ಒಂದು ದೊಡ್ಡ ಎಕ್ಸ್‌ರೇ ತೆಗೆಯುತ್ತಾರಲ್ಲ, ಒಪಿಜಿ, ಅದರಲ್ಲಿ ಈ ಅಗಲ ಕಾಣುವುದಿಲ್ಲ. ಗೋಡೆಯ ಎದುರು ನಿಂತು ಫೋಟೊ ತೆಗೆದರೆ ಎತ್ತರ ತಿಳಿಯುತ್ತದೆ, ದಪ್ಪ ತಿಳಿಯುತ್ತದಾ? ದಪ್ಪ ತಿಳಿಯಬೇಕಾದರೆ ಸಿಬಿಸಿಟಿ ಸ್ಕ್ಯಾನ್ ಬೇಕು. ಅದರಲ್ಲಿ ದವಡೆಯನ್ನು ಬ್ರೆಡ್ಡಿನ ಹಾಗೆ ಹೋಳು ಹೋಳು ಮಾಡಿ ನೋಡಬಹುದು.

ಸ್ಕ್ಯಾನ್ ಆದ ಮೇಲೆ ‘ಮೂಳೆ ಚೆನ್ನಾಗಿದೆ’ ಎಂಬ ಮಾತು ಕೇಳಿ ಎದ್ದು ಬರಬೇಡಿ. ಕಂಪ್ಯೂಟರ್ ಮುಂದೆ ಕೂತು, ಇಂಪ್ಲಾಂಟ್ ಬರುವ ಜಾಗದ ಹೋಳು ತೋರಿಸಿ ಎಂದು ಕೇಳಿ. ಒಳ್ಳೆಯ ಡಾಕ್ಟರು ಖುಷಿಯಿಂದಲೇ ತೋರಿಸುತ್ತಾರೆ. ಅಲ್ಲಿ ಅಳೆದು ನೋಡಬೇಕಾದ್ದು ಇಷ್ಟು:

ಒಂದು, ಅಗಲ. ಸಾಮಾನ್ಯ ಇಂಪ್ಲಾಂಟ್ ಸುಮಾರು 4 ಮಿಲಿಮೀಟರ್ ದಪ್ಪ. ಅದರ ಒಳಗೂ ಹೊರಗೂ ಕನಿಷ್ಠ ಒಂದೊಂದು ಮಿಲಿಮೀಟರಿನಷ್ಟಾದರೂ ಮೂಳೆ ಉಳಿಯಬೇಕು, ತುಟಿ ಕಡೆಗೆ ಇನ್ನೂ ಜಾಸ್ತಿ ಇದ್ದರೆ ಒಳ್ಳೆಯದು. ಅಂದರೆ 6 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ‘ಹೇಗೆ ಹಾಕ್ತೀರಿ?’ ಎಂದು ಕೇಳಲೇಬೇಕು.

ಎರಡು, ಕೆಳದವಡೆಯಲ್ಲಿ ನರ. ತುಟಿ, ಗದ್ದಕ್ಕೆ ಸ್ಪರ್ಶ ಕೊಡುವ ನರ ಮೂಳೆಯೊಳಗಿನ ಒಂದು ಕೊಳವೆಯಲ್ಲಿ ಓಡುತ್ತದೆ. ಇಂಪ್ಲಾಂಟಿನ ತುದಿಗೂ ಅದಕ್ಕೂ 2 ಮಿಲಿಮೀಟರ್ ಅಂತರ ಬೇಕು. ಅದಕ್ಕೆ ಪೆಟ್ಟಾದರೆ ತುಟಿಯ ಒಂದು ಪಕ್ಕ ಮರಗಟ್ಟಿಯೇ ಉಳಿಯಬಹುದು.

ಮೂರು, ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್, ಅಂದರೆ ಮೂಗಿನ ಪಕ್ಕದ ಗಾಳಿಗೂಡು. ಹಲ್ಲು ಹೋದ ಮೇಲೆ ಈ ಗೂಡು ಕೆಳಗೆ ಹಿಗ್ಗುತ್ತದೆ, ಮೂಳೆ ತೆಳ್ಳಗಾಗುತ್ತದೆ. ಆಗ ಸೈನಸ್‌ನ ತಳ ಎತ್ತಿ ಮೂಳೆಪುಡಿ ತುಂಬಬೇಕು, ಇಲ್ಲವೇ ಗಿಡ್ಡ ಇಂಪ್ಲಾಂಟ್ ಬಳಸಬೇಕು. ಸಾಧ್ಯವಿದ್ದಲ್ಲಿ ನನ್ನ ಮತ ಗಿಡ್ಡದಕ್ಕೆ. ಒಂದು ಆಪರೇಷನ್ ಕಡಿಮೆ, ಅಲ್ವಾ?

ನಾಲ್ಕು, ಅಕ್ಕಪಕ್ಕ. ಪಕ್ಕದ ಹಲ್ಲಿನಿಂದ 1.5 ಮಿಲಿಮೀಟರ್, ಎರಡು ಇಂಪ್ಲಾಂಟ್‌ಗಳ ನಡುವೆ 3 ಮಿಲಿಮೀಟರ್. ಇದಕ್ಕಿಂತ ಒತ್ತಾದರೆ ನಡುವಿನ ಮೂಳೆ ಕರಗಿ ಒಸಡು ಇಳಿಯುತ್ತದೆ, ಹಲ್ಲುಗಳ ಮಧ್ಯೆ ಕಪ್ಪು ಸಂದಿ ಬೀಳುತ್ತದೆ.

ಇನ್ನು ಲ್ಯಾಬಿನ ಕಡೆಯ ಮಾತು. ಮೂಳೆ ಇರುವ ಕಡೆ ಇಂಪ್ಲಾಂಟ್ ಹಾಕಿ, ಆಮೇಲೆ ಹಲ್ಲು ಎಲ್ಲಿ ಬರುತ್ತದೋ ನೋಡೋಣ ಎನ್ನುವುದು ತಲೆಕೆಳಗಾದ ಲೆಕ್ಕ. ಮೊದಲು ಹಲ್ಲು ಎಲ್ಲಿ ಬರಬೇಕು ಎಂದು ಅಚ್ಚಿನ ಮೇಲೆ ಮೇಣದಲ್ಲಿ ಅಥವಾ ಕಂಪ್ಯೂಟರಿನಲ್ಲಿ ಕಟ್ಟಿ ನೋಡಬೇಕು. ಆ ಹಲ್ಲಿಗೆ ತಕ್ಕಂತೆ ಇಂಪ್ಲಾಂಟ್ ಎಲ್ಲಿ, ಯಾವ ಓರೆಯಲ್ಲಿ ಇರಬೇಕು ಎಂದು ಗುರುತು ಹಾಕಬೇಕು. ಅಲ್ಲಿ ಮೂಳೆ ಸಾಲದಿದ್ದರೆ ಮೂಳೆ ಕೂರಿಸಬೇಕು. ಡ್ರಿಲ್ಲಿಗೆ ದಾರಿ ತೋರಿಸುವ ತೂತಿರುವ ಒಂದು ಪ್ಲಾಸ್ಟಿಕ್ ಗೈಡ್ ಸಿಗುತ್ತದೆ, ಹಲ್ಲುಗಳ ಮೇಲೆ ಟೋಪಿಯ ಹಾಗೆ ಕೂರುತ್ತದೆ. ಮುಂದಿನ ಹಲ್ಲಾದರೆ ಗೈಡ್ ಬೇಕು ಎಂದು ಹಟ ಹಿಡಿಯಿರಿ. ನಾನಾದರೆ ಗೈಡ್ ಇಲ್ಲದೆ ಕುರ್ಚಿ ಹತ್ತುವುದಿಲ್ಲ.

ಮೇಲೆ ಹೇಳಿದ ಆ ವಾಲಿದ ಇಂಪ್ಲಾಂಟಿಗೆ ಏನು ಮಾಡಿದೆವು ಎಂದು ಕೇಳುತ್ತೀರಾ? ಓರೆ ಅಬಟ್‌ಮೆಂಟ್ (ಇಂಪ್ಲಾಂಟಿಗೂ ಹಲ್ಲಿಗೂ ನಡುವಿನ ಕೊಂಡಿ) ಹಾಕಿ, ಹಲ್ಲನ್ನು ಸಿಮೆಂಟಿನಲ್ಲಿ ಅಂಟಿಸುವ ಹಾಗೆ ಮಾಡಿಕೊಟ್ಟೆವು. ಹಲ್ಲು ಪಕ್ಕದ್ದಕ್ಕಿಂತ ಉದ್ದವಾಗಿಯೇ ಉಳಿಯಿತು.

ಹೆಜ್ಜೆ 4: ಯಾವಾಗ?

ಟೈಟಾನಿಯಂ ಮೂಳೆಯ ಜೊತೆ ಬೆಸೆಯುತ್ತದೆ ಎಂದು ತಿಳಿದದ್ದೇ ಆಕಸ್ಮಿಕವಾಗಿ. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ರಕ್ತದ ಓಡಾಟ ನೋಡಲು ಟೈಟಾನಿಯಂ ಉಪಕರಣ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. 1965ರಲ್ಲಿ ಅವರು ಮೊದಲ ಬಾರಿಗೆ ಮನುಷ್ಯನ ಬಾಯಿಗೆ ಇಂಪ್ಲಾಂಟ್ ಹಾಕಿದರು.

ಈ ಬೆಸುಗೆಗೆ ಸಮಯ ಬೇಕು. ಮೂಳೆ ಗಟ್ಟಿಯಾದ ಕೆಳದವಡೆಗೆ ಸುಮಾರು ಮೂರು ತಿಂಗಳು, ಮೆತ್ತಗಿರುವ ಮೇಲ್ದವಡೆಗೆ ಇನ್ನಷ್ಟು. ಈಗಿನ ತರಿ ಮೇಲ್ಮೈಯ ಇಂಪ್ಲಾಂಟ್‌ಗಳು ಬೇಗ ಹಿಡಿಯುತ್ತವೆ, ನಿಜ. ಆದರೂ ‘ಒಂದೇ ದಿನದಲ್ಲಿ ಹಲ್ಲು’ ಎಂಬ ಜಾಹೀರಾತು ನೋಡಿದರೆ ಒಂದು ವಿಷಯ ತಿಳಿದಿರಲಿ: ಅಂದೇ ಕೂರಿಸುವುದು ಸಾಮಾನ್ಯವಾಗಿ ತಾತ್ಕಾಲಿಕ ಪ್ಲಾಸ್ಟಿಕ್ ಹಲ್ಲು. ಅದನ್ನೂ ಇಂಪ್ಲಾಂಟ್ ಬಿಗಿಯಾಗಿ ಹಿಡಿದಾಗ ಮಾತ್ರ ಕೂರಿಸಬೇಕು. ಆ ಬಿಗಿಯನ್ನು ರ‍್ಯಾಚೆಟ್ ಎಂಬ ತಿರುಗಿಸುವ ಉಪಕರಣದಲ್ಲಿ ಅಳೆಯುತ್ತಾರೆ, ಸಾಮಾನ್ಯವಾಗಿ 35 ನ್ಯೂಟನ್-ಸೆಂಟಿಮೀಟರ್ ಬರಬೇಕು ಎಂಬ ಲೆಕ್ಕ ಇದೆ. ಬರದಿದ್ದರೂ ಹಲ್ಲು ಕೂರಿಸಿ ಎಂದು ಡಾಕ್ಟರಿಗೆ ದುಂಬಾಲು ಬೀಳಬೇಡಿ. ಮದುವೆ ಫೋಟೊಗಾಗಿ ಅವಸರ ಮಾಡಿ ಇಂಪ್ಲಾಂಟನ್ನೇ ಕಳೆದುಕೊಂಡವರನ್ನು ನೋಡಿದ್ದೇನೆ.

ಹೆಜ್ಜೆ 5: ಎಷ್ಟು ಬೇಕು?

ಹಲ್ಲಿಗೊಂದು ಇಂಪ್ಲಾಂಟ್ ಎಂಬ ಲೆಕ್ಕ ಬೇಡ. ಸಾಲಾಗಿ ಮೂರು ಹೋಗಿದ್ದರೆ ಎಷ್ಟೋ ಸಲ ಎರಡು ಇಂಪ್ಲಾಂಟ್ ಮೇಲೆ ಮೂರು ಹಲ್ಲಿನ ಬ್ರಿಡ್ಜ್ ಸಾಕು. ಒಂದು ಕಡೆ ಇಂಪ್ಲಾಂಟ್, ಇನ್ನೊಂದು ಕಡೆ ಸ್ವಂತ ಹಲ್ಲು ಸೇರಿಸಿ ಬ್ರಿಡ್ಜ್ ಕಟ್ಟಿಸುವುದು ಮಾತ್ರ ನನಗೆ ಒಗ್ಗದ ಕೆಲಸ. ಸ್ವಂತ ಹಲ್ಲು ಬೇರಿನ ಸುತ್ತಲಿನ ನಾರುಗಳ ಮೇಲೆ ತುಸು ಅಲುಗುತ್ತದೆ, ಇಂಪ್ಲಾಂಟ್ ಅಲುಗುವುದಿಲ್ಲ. ಒಂದೇ ನೊಗಕ್ಕೆ ಎತ್ತು, ಕೋಣ ಕಟ್ಟಿದ ಹಾಗೆ.

ಒಂದೂ ಹಲ್ಲಿಲ್ಲದ ದವಡೆಗೆ ಎರಡು ದಾರಿ. ಒಂದು, ನಾಲ್ಕು ಅಥವಾ ಆರು ಇಂಪ್ಲಾಂಟ್ ಮೇಲೆ ತೆಗೆಯಲಾಗದ ಸೆಟ್. ನಾಲ್ಕರ ಮೇಲೆ ಕಟ್ಟುವ ಪದ್ಧತಿಯಲ್ಲಿ ಹಿಂದಿನ ಎರಡನ್ನು ಓರೆಯಾಗಿ ಹಾಕಿ ನರ, ಸೈನಸ್ ತಪ್ಪಿಸುತ್ತಾರೆ. ಇನ್ನೊಂದು, ಗುಂಡಿಯ ಹಾಗೆ ಟಕ್ ಎಂದು ಕೂರುವ, ಬೇಕಾದಾಗ ತೆಗೆಯಬಹುದಾದ ಸೆಟ್. ಕೆಳದವಡೆಗೆ ಇದಕ್ಕೆ ಎರಡು ಇಂಪ್ಲಾಂಟ್ ಸಾಕು, ಮೇಲ್ದವಡೆಗೆ ಸಾಮಾನ್ಯವಾಗಿ ನಾಲ್ಕು. ಜಾಹೀರಾತು ಇರುವುದೆಲ್ಲಾ ಮೊದಲನೆಯದಕ್ಕೆ. ಕೈ ನಡುಗುವ, ಕಣ್ಣು ಮಂಜಾದ ಹಿರಿಯರಿಗೆ ನಾನು ಹೇಳುವುದು ಎರಡನೆಯದನ್ನು. ತೆಗೆದು ನಲ್ಲಿ ಕೆಳಗೆ ಹಿಡಿದು ತೊಳೆಯಬಹುದು. ಒಳಗಿನ ನೈಲಾನ್ ಬಿಲ್ಲೆ ಸವೆದಾಗ ಬದಲಿಸಿದರೆ ಆಯಿತು.

3 ಮಿಲಿಮೀಟರಿಗಿಂತ ಸಪೂರದ ಮಿನಿ ಇಂಪ್ಲಾಂಟನ್ನು ಅಗಿಯುವ ದವಡೆಹಲ್ಲಿನ ಜಾಗಕ್ಕೆ ಒಂದೇ ಒಂದು ಹಾಕಿ ಮುಗಿಸುತ್ತೇವೆ ಎಂದರೆ ಎದ್ದು ಬನ್ನಿ.

ಹೆಜ್ಜೆ 6: ಯಾವ ಲೋಹ?

ಟೈಟಾನಿಯಂ. ಬಿಳಿ ಜಿರ್ಕೋನಿಯಾ ಇಂಪ್ಲಾಂಟೂ ಇದೆ, ಅದು ಲೋಹವಲ್ಲ, ಪಿಂಗಾಣಿಯ ಜಾತಿ. ಒಸಡು ತೆಳ್ಳಗಿದ್ದು ಲೋಹದ ನೆರಳು ಕಾಣುತ್ತದೆ ಎನ್ನುವವರಿಗೆ ಅದು ಇರಲಿ. ಬಹಳಷ್ಟು ಜಿರ್ಕೋನಿಯಾದವು ಒಂದೇ ತುಂಡಿನವು, ಓರೆ ತಿದ್ದಲು ಜಾಗ ಕಡಿಮೆ.

ಹೆಜ್ಜೆ 7: ಕ್ಯಾಪ್ ಸ್ಕ್ರೂನದಾ, ಅಂಟಿಸುವುದಾ?

ಸಾಧ್ಯವಿದ್ದ ಕಡೆಯೆಲ್ಲ ಸ್ಕ್ರೂನದು. ಅಂಟಿಸುವಾಗ ಸಿಮೆಂಟ್ ಒಸಡಿನ ಕೆಳಗೆ ಹಿಂಡಿಕೊಂಡು ಹೋಗುತ್ತದೆ. ಕಣ್ಣಿಗೆ ಕಾಣದೆ ಉಳಿದ ಚೂರು ಒಸಡನ್ನು ಕೆರಳಿಸಿ, ನಿಧಾನಕ್ಕೆ ಮೂಳೆಯನ್ನೇ ಕರಗಿಸಬಹುದು. ಕಳಚಿ ವಾಪಸ್ ಬಂದ ಕ್ಯಾಪ್‌ಗಳ ಅಂಚಿನಲ್ಲಿ ಆ ಬಿಳಿ ಸಿಮೆಂಟ್ ಹರಳುಗಳನ್ನು ಎಷ್ಟೋ ಸಲ ಉಗುರಿನಲ್ಲಿ ಕೆರೆದು ತೆಗೆದಿದ್ದೇನೆ. ಸ್ಕ್ರೂನದಾದರೆ ತೂತಿನ ಮುಚ್ಚಳ ತೆಗೆದು, ಬಿಚ್ಚಿ, ತೊಳೆದು, ಮತ್ತೆ ಬಿಗಿಯಬಹುದು. ಆದರೆ ತೂತು ಹಲ್ಲಿನ ಹಿಂದೆ ಅಥವಾ ಅಗಿಯುವ ಮೇಲ್ಮೈಗೆ ಬರಬೇಕಾದರೆ ಇಂಪ್ಲಾಂಟ್ ಸರಿಯಾದ ಓರೆಯಲ್ಲಿ ಇರಬೇಕು. ಮೂರನೇ ಹೆಜ್ಜೆಯಲ್ಲಿ ಅಷ್ಟು ಕೊರೆದದ್ದು ಅದಕ್ಕೇ.

ಕೂರಿಸುವ ದಿನ ಡಾಕ್ಟರು ತಲೆಕೂದಲಿಗಿಂತ ತೆಳುವಾದ ಒಂದು ಹಾಳೆ ಇಟ್ಟು ಕಚ್ಚಿಸಬೇಕು. ಮೆಲ್ಲಗೆ ಕಚ್ಚಿದಾಗ ಸ್ವಂತ ಹಲ್ಲುಗಳ ನಡುವೆ ಹಾಳೆ ಸಿಕ್ಕಿಕೊಳ್ಳಬೇಕು, ಇಂಪ್ಲಾಂಟ್ ಹಲ್ಲಿನಲ್ಲಿ ಜಾರಿ ಬರಬೇಕು. ಇಂಪ್ಲಾಂಟಿಗೆ ಆ ನಾರುಗಳ ಮೆತ್ತೆ ಇಲ್ಲವಲ್ಲ, ಮೊದಲ ಪೆಟ್ಟು ಅದರ ಮೇಲೆ ಬೀಳಬಾರದು. ರಾತ್ರಿ ಹಲ್ಲು ಮಸೆಯುವ ಅಭ್ಯಾಸ ಇದ್ದರೆ ನೈಟ್ ಗಾರ್ಡ್ ಮಾಡಿಸಿಕೊಳ್ಳಿ, ಅಂಗಡಿಯ ರೆಡಿಮೇಡ್ ಬೇಡ. ಕ್ಯಾಪಿನ ಬುಡಕ್ಕೆ ಸಂದಿಬ್ರಷ್ ಹೋಗುತ್ತದಾ ಎಂದು ಅಲ್ಲೇ ಕನ್ನಡಿ ಹಿಡಿದು ಹಾಕಿ ನೋಡಿ. ಹೋಗದಿದ್ದರೆ ಕ್ಯಾಪ್ ವಾಪಸ್ ಲ್ಯಾಬಿಗೆ ಬರಲಿ, ನಾವು ಬೈದುಕೊಳ್ಳುವುದಿಲ್ಲ.

ಹೆಜ್ಜೆ 8: ಈಗ ಕಂಪನಿ

ಬಹಳ ವರ್ಷಗಳಿಂದ ಇರುವ, ಬೇರೆ ಊರಲ್ಲೂ ಬಿಡಿಭಾಗ ಸಿಗುವ ಯಾವುದಾದರೂ ಆದೀತು. ಹೆಸರಿಗಿಂತ ಮುಖ್ಯ ಇಂಪ್ಲಾಂಟಿನ ಡಬ್ಬಿಯ ಮೇಲಿನ ಸ್ಟಿಕರ್. ಕಂಪನಿ, ಮಾದರಿ, ಅಳತೆ, ಲಾಟ್ ನಂಬರ್ ಎಲ್ಲಾ ಅದರಲ್ಲಿರುತ್ತದೆ. ಅದನ್ನು ಕೇಳಿ ಪಡೆದು, ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಒಮ್ಮೆ ಹಳೆಯ ಇಂಪ್ಲಾಂಟಿನ ಕ್ಯಾಪ್ ಸಡಿಲವಾದ ಹಿರಿಯರೊಬ್ಬರ ಎಕ್ಸ್‌ರೇ ನಮ್ಮಲ್ಲಿಗೆ ಬಂತು. ಹಾಕಿಸಿದ ಕ್ಲಿನಿಕ್ ಮುಚ್ಚಿತ್ತು, ಕಾಗದ ಒಂದೂ ಇರಲಿಲ್ಲ. ಬೇಕಾಗಿದ್ದದ್ದು ಒಂದು ಸ್ಕ್ರೂ ಬಿಗಿಯುವ ಕೆಲಸ, ಐದು ನಿಮಿಷದ್ದು. ಒಂದೊಂದು ಕಂಪನಿಯ ಸ್ಕ್ರೂ ತಲೆ ಒಂದೊಂದು ಥರ. ಯಾವ ಡ್ರೈವರ್ ಕೂರುತ್ತದೆ ಎಂದು ಕಂಡುಹಿಡಿಯಲು, ಎಕ್ಸ್‌ರೇಯಲ್ಲಿ ಕಾಣುವ ಇಂಪ್ಲಾಂಟಿನ ಸ್ಕ್ರೂ ಸುತ್ತುಗಳನ್ನು ಕ್ಯಾಟಲಾಗ್‌ಗಳ ಚಿತ್ರಗಳಿಗೆ ಹೋಲಿಸುತ್ತಾ ಒಂಬತ್ತು ದಿನ ಕೂತಿದ್ದೆವು.