ಮಕ್ಕಳ ಮೈನಸ್ ನಂಬರ್: ಪರೀಕ್ಷೆಯ ಕೋಣೆಯ ಅನುಭವ

ವಿಜಯಪುರದಲ್ಲಿ ಕಣ್ಣು ಪರೀಕ್ಷಿಸಲು ಕುಳಿತವರಿಗೆ ಪ್ರವೇಶ ಪರೀಕ್ಷೆಗಳ ಹಂಗಾಮು ತಾನಾಗಿಯೇ ಗೊತ್ತಾಗುತ್ತದೆ. ಸೈನಿಕ ಶಾಲೆ, ನವೋದಯ, ಮೊರಾರ್ಜಿ ಶಾಲೆ ಎಂದು ಕೋಚಿಂಗ್ ಸೇರಿದ ನಾಲ್ಕನೇ, ಐದನೇ ತರಗತಿಯ ಮಕ್ಕಳು ಸಾಲುಗಟ್ಟುತ್ತಾರೆ. ಹಲಗೆಯ ಮೇಲಿನ ಅಕ್ಷರ ಕಾಣುವುದಿಲ್ಲ ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಪಕ್ಕದವನ ವಹಿ ನೋಡಿ ಬರೆದುಕೊಳ್ಳುತ್ತಿರುತ್ತಾರೆ. ಮಾಸ್ತರರು ಕಾಪಿ ಎಂದು ಗದರಿದ ಮೇಲೆ ವಿಷಯ ಹೊರಬೀಳುತ್ತದೆ. ಹತ್ತಿರದ್ದು ಕಂಡು ದೂರದ್ದು ಮಸುಕಾಗುವ ಇದೇ ಸಮೀಪದೃಷ್ಟಿ, ಅದರ ಕನ್ನಡಕದ್ದೇ ಮೈನಸ್ ನಂಬರ್.

ನಾನು ಆಪ್ಟೊಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಹೇಳುವವನು. ಕಂಪ್ಯೂಟರ್ ಯಂತ್ರದ ಚೀಟಿಯನ್ನಷ್ಟೇ ನೋಡಿ ಮಗುವಿಗೆ ಕನ್ನಡಕ ಬರೆದುಕೊಡುವುದಿಲ್ಲ. ಮಕ್ಕಳ ಕಣ್ಣೊಳಗಿನ ಸ್ನಾಯು ಬಲು ಚುರುಕು. ಯಂತ್ರದ ಚಿತ್ರ ನೋಡುವಾಗಲೇ ಬಿಗಿದುಕೊಂಡು ಇಲ್ಲದ ಮೈನಸ್ ತೋರಿಸಿಬಿಡುತ್ತದೆ. ಅದಕ್ಕೆ ಡಾಕ್ಟರರ ಸೂಚನೆಯಂತೆ ಆ ಸ್ನಾಯುವನ್ನು ಸಡಿಲಿಸುವ ಸೈಕ್ಲೊಪೆಂಟೊಲೇಟ್ ಹನಿ ಹಾಕಿ ಮುಕ್ಕಾಲು ಗಂಟೆ ಕಾಯುತ್ತೇವೆ. ಹನಿ ಉರಿಯುತ್ತದೆ, ಮಗು ಅಳುತ್ತದೆ, ಇಂಡಿ ಊರಿನ ಬಸ್ ತಪ್ಪುತ್ತದೆಂದು ತಂದೆ ಚಡಪಡಿಸುತ್ತಾರೆ. ಆಮೇಲೆ ಕತ್ತಲ ಕೋಣೆಯಲ್ಲಿ ತೋಳಳತೆಯ ದೂರ ಕುಳಿತು, ಕಣ್ಣೊಳಗೆ ಬೆಳಕು ಬಿಟ್ಟು ನಂಬರ್ ಅಳೆಯುವ ಕೈ ಉಪಕರಣವಾದ ರೆಟಿನೊಸ್ಕೋಪಿನ ಬೆಳಕಿನ ಪಟ್ಟಿಯನ್ನು ಪಾಪೆಯ ಮೇಲೆ ಆಡಿಸುತ್ತೇನೆ. ಒಳಗಿನ ಕೆಂಪು ಹೊಳಪು ಪಟ್ಟಿಯ ಎದುರು ದಿಕ್ಕಿಗೆ ಸರಿದರೆ ಸಮೀಪದೃಷ್ಟಿ ಒಂದೂವರೆ ನಂಬರನ್ನು ದಾಟಿದೆ ಎಂದು ಲೆಕ್ಕ. ಮೈನಸ್ ಗಾಜುಗಳನ್ನು ಏರಿಸುತ್ತ ಹೋದಂತೆ ಹೊಳಪಿನ ಓಟ ಚುರುಕಾಗಿ, ಒಂದು ಗಾಜಿಗೆ ಪಾಪೆಯೆಲ್ಲ ಒಮ್ಮೆಲೇ ತುಂಬಿಕೊಂಡು ನಿಲ್ಲುತ್ತದೆ. ಕುಳಿತ ದೂರದ ಲೆಕ್ಕವಾದ ಮೈನಸ್ ಒಂದೂವರೆಯನ್ನು ಅದಕ್ಕೆ ಸೇರಿಸಿದರೆ ಅಸಲಿ ನಂಬರ್ ಸಿಕ್ಕಿತು. ಯಂತ್ರದಲ್ಲಿ ಮೈನಸ್ ಎರಡು ಇದ್ದ ಹುಡುಗ ಇಲ್ಲಿ ಒಂದೂಕಾಲಿಗೆ ಇಳಿಯುವುದು ನನಗೆ ಹೊಸದಲ್ಲ.

“ಸರ್, ಈಗಲೇ ಕನ್ನಡಕ ಹಾಕಿದರೆ ನಂಬರ್ ಏರುತ್ತದೆ ಅನ್ನುತ್ತಾರೆ. ಸ್ವಲ್ಪ ಕಡಿಮೆಯದೇ ಕೊಡಿ” ಎಂದು ತಾಯಂದಿರು ಕೇಳುತ್ತಾರೆ. ಕೊಡುವುದಿಲ್ಲ. ನಂಬರ್ ಏರುವುದು ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗುವುದರಿಂದ. ಒಂದು ಮಿಲಿಮೀಟರ್ ಉದ್ದವಾದರೆ ಸುಮಾರು ಎರಡೂವರೆ ನಂಬರ್ ಕೂಡುತ್ತದೆ. ಬೇಕೆಂದೇ ಕಡಿಮೆ ನಂಬರ್ ಕೊಟ್ಟ ಮಕ್ಕಳಲ್ಲಿ ಅದು ಇನ್ನೂ ಬೇಗ ಏರಿತೆಂದು ಮಲೇಷ್ಯಾದ ಅಧ್ಯಯನವೊಂದು 2002ರಲ್ಲೇ ತೋರಿಸಿದೆ. ಕ್ಯಾರೆಟ್ ರಸದ ಪ್ರಶ್ನೆಗೆ ನಕ್ಕು ಮುಂದೆ ಹೋಗುತ್ತೇನೆ.

ನಾನು ಗಂಟಲು ಒಣಗಿಸಿಕೊಳ್ಳುವುದು ಹೊರಗಿನ ಬೆಳಕಿನ ವಿಷಯಕ್ಕೆ. ಚೀನಾದ ಗುವಾಂಗ್‌ಝೌ ನಗರದ ಕೆಲವು ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೊರಗಿನ ತರಗತಿ ಹೆಚ್ಚಿಸಿದರು. ಮೂರು ವರ್ಷದಲ್ಲಿ ಅಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ಶೇ. 30ರಷ್ಟು ಮಕ್ಕಳಿಗೆ, ಉಳಿದ ಶಾಲೆಗಳಲ್ಲಿ ಶೇ. 40ರಷ್ಟು. ನಮ್ಮಲ್ಲಿ ಕೋಚಿಂಗ್ ಹುಡುಗರು ನಸುಕಿನಲ್ಲಿ ಎದ್ದು ರಾತ್ರಿಯವರೆಗೆ ಟ್ಯೂಬ್‌ಲೈಟಿನ ಕೆಳಗೇ ಇರುತ್ತಾರೆ. “ವಿಜಯಪುರದ ಬಿಸಿಲಿಗೆ ಮಕ್ಕಳನ್ನು ಬಿಡುವುದೇ?” ಎಂದು ಪಾಲಕರು ಬೆಚ್ಚುತ್ತಾರೆ. ಏಪ್ರಿಲ್ ನಡುಮಧ್ಯಾಹ್ನದಲ್ಲಿ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಬೇವಿನ ಮರದ ನೆರಳಿನಲ್ಲೂ ಕೋಣೆಯೊಳಗಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕಿರುತ್ತದೆ. ಬಾಯಿಮಾತಿಗೆ ವಸತಿ ನಿಲಯದವರು ಕಿವಿಗೊಡುವುದಿಲ್ಲವಾದ್ದರಿಂದ, ನಂಬರಿನ ಕೆಳಗೇ “ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬಯಲಿನಲ್ಲಿ ಆಟ” ಎಂದು ಔಷಧದಂತೆ ಬರೆದು ಶಿಕ್ಕಾ ಒತ್ತುತ್ತೇನೆ. ಶಿಕ್ಕೆಗೆ ನಮ್ಮ ಕಡೆ ಬೆಲೆ ಇದೆ.

ಬೆಳಕಿನ ಲಾಭ ಸಮೀಪದೃಷ್ಟಿ ಬರುವುದಕ್ಕೆ ಮೊದಲೇ ಹೆಚ್ಚು. ಬಂದ ಮೇಲೆ ಅಷ್ಟಿಲ್ಲ. ಹಾಗಾಗಿ ಕನ್ನಡಕದ ಹುಡುಗನ ಜೊತೆ ಬಂದು ಬೆಂಚಿನ ಮೇಲೆ ಮೊಬೈಲ್ ಹಿಡಿದು ಕುಳಿತ ತಂಗಿಯನ್ನೂ ಕರೆದು ಪರೀಕ್ಷಿಸುತ್ತೇನೆ. ತಂದೆ ತಾಯಿ ಇಬ್ಬರೂ ಕನ್ನಡಕದವರಾದರೆ ಬಿಡುವ ಮಾತೇ ಇಲ್ಲ.

ವರ್ಷಕ್ಕೆ ಅರ್ಧ ನಂಬರಿಗಿಂತ ಹೆಚ್ಚು ಏರುವ ಮಕ್ಕಳಿಗೆ ನಮ್ಮ ಡಾಕ್ಟರರು ರಾತ್ರಿ ಮಲಗುವಾಗ ಹಾಕುವ ಕಡಿಮೆ ಪ್ರಮಾಣದ ಅಟ್ರೊಪಿನ್ ಹನಿ ಬರೆಯುತ್ತಾರೆ. ಶೇ. 0.01ರಿಂದ ಶುರು, ಹಾಂಗ್‌ಕಾಂಗ್ ಪ್ರಯೋಗದಲ್ಲಿ ಶೇ. 0.05 ಹೆಚ್ಚು ಕೆಲಸ ಮಾಡಿತ್ತು. ಇದು ಏರಿಕೆಯನ್ನು ನಿಧಾನಿಸುತ್ತದೆ, ಇದ್ದ ನಂಬರನ್ನು ಇಳಿಸುವುದಿಲ್ಲ; ಇದನ್ನು ಮೊದಲೇ ಹೇಳದಿದ್ದರೆ ಎರಡನೇ ಬಾಟಲಿಗೆ ಜನ ಬರುವುದಿಲ್ಲ. ಏರಿಕೆ ತಡೆಯುವ ವಿಶೇಷ ಗಾಜುಗಳೂ ಬಂದಿವೆ, ಆದರೆ ಬೆಲೆ ಕೇಳಿ ಒಕ್ಕಲುತನದವರು ಎದ್ದು ಹೋಗುತ್ತಾರೆ.

ಮರುಪರೀಕ್ಷೆಗೆ “ಆರು ತಿಂಗಳಿಗೆ ಬನ್ನಿ” ಎಂದರೆ ಮರೆಯುತ್ತಾರೆ. ದಸರೆ ರಜೆಗೊಮ್ಮೆ, ಬೇಸಿಗೆ ರಜೆಗೊಮ್ಮೆ ಎನ್ನುತ್ತೇನೆ. ಹಳೆಯ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಲು ಹೇಳುತ್ತೇನೆ. ಮೈನಸ್ ಆರು ದಾಟಿದವರ ಕಣ್ಣಿನ ಹಿಂಭಾಗದ ಪರದೆಯನ್ನು (ರೆಟಿನಾ) ಡಾಕ್ಟರರು ವರ್ಷಕ್ಕೊಮ್ಮೆ ನೋಡಲೇಬೇಕು. ಕಣ್ಣಲ್ಲಿ ಮಿಂಚು ಹೊಡೆದಂತಾದರೆ, ನೋಟಕ್ಕೆ ಅಡ್ಡವಾಗಿ ಕಪ್ಪು ತೆರೆ ಇಳಿದಂತೆ ಕಂಡರೆ ರಜೆಗೆ ಕಾಯದೆ ಅದೇ ದಿನ ಕರೆತನ್ನಿ.