ಟೀ ಕ್ಯಾನ್ ಪಕ್ಕದ ಎರಡು ಕೈ

ಪೀಣ್ಯದ ನಮ್ಮ ಪ್ರೆಸ್ ಶಾಪಿನಲ್ಲಿ (ಲೋಹದ ತಗಡು ಒತ್ತಿ ಪೀಸ್ ಮಾಡುವ ಕಾರ್ಖಾನೆ) ಹತ್ತಿರ ಹತ್ತಿರ 60 ಜನ ಇದ್ದೇವೆ. ಆಕ್ಸಿಡೆಂಟ್ ರಿಜಿಸ್ಟರ್ ನನ್ನ ಜವಾಬ್ದಾರಿ. ಹಿಂದೆ ಒಂದು ಇಡೀ ವರ್ಷಕ್ಕೆ ಅದರಲ್ಲಿ ಇದ್ದದ್ದು 3 ಎಂಟ್ರಿ. ಆದರೆ ಫಸ್ಟ್ ಏಡ್ ಡಬ್ಬಿಗೆ ಮಾತ್ರ ತಿಂಗಳಿಗೆ ಎರಡು ಸಲ ಬ್ಯಾಂಡೇಜ್ ತುಂಬಿಸುತ್ತಿದ್ದೆ. ಲೆಕ್ಕ ತಾಳೆ ಆಗೋದು ಹೇಗೆ?

ಮೊದಲು ನಾನೇ ದೊಡ್ಡ ತಪ್ಪು ಮಾಡಿದೆ. ಗೇಟಿನ ಹತ್ತಿರ 'ಅಪಘಾತವಿಲ್ಲದ ದಿನಗಳು' ಅಂತ ಬೋರ್ಡ್ ಹಾಕಿಸಿ, ತಿಂಗಳು ಪೂರ್ತಿ ಒಂದೂ ಆಗದಿದ್ದರೆ ತಲೆಗೆ 200 ರೂಪಾಯಿ ಅಂದೆ. ನಾಲ್ಕು ತಿಂಗಳು ಕೊಟ್ಟೆವು, ಸುಮಾರು 45 ಸಾವಿರ ಹೋಯಿತು. ಐದನೇ ತಿಂಗಳು ಒಬ್ಬ ಹುಡುಗ ಬಂದು ಬೆರಳು ತೋರಿಸಿದ. ಕಾಟನ್ ವೇಸ್ಟ್ ಸುತ್ತಿ, ಮೇಲೆ ಇನ್ಸುಲೇಷನ್ ಟೇಪ್ ಹಾಕಿಕೊಂಡಿದ್ದ. ಬಿಚ್ಚಿದರೆ ಎಣ್ಣೆ, ಕೀವು, ನೂಲು ಎಲ್ಲ ಒಂದಾಗಿ ಅಂಟಿಕೊಂಡಿತ್ತು. ಗಾಯವಾಗಿ 9 ದಿನ ಆಗಿತ್ತು. "ಯಾಕಪ್ಪಾ ಹೇಳಲಿಲ್ಲ?" ಅಂದೆ. "ನನ್ನಿಂದ ಎಲ್ಲರ ಇನ್ನೂರು ಹೋಗುತ್ತಲ್ಲಾ ಸಾರ್" ಅಂದ.

ಅವನು ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಹಾಗಾಗಿ ಇಎಸ್‌ಐನ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ, ಕಾಯಿಲೆ ಭತ್ಯೆ ಇಲ್ಲ. ಕೆಲಸದಲ್ಲಾದ ಗಾಯಕ್ಕೆ ಸೇರಿದ ದಿನದಿಂದಲೇ ಹಕ್ಕು, ಕೂಲಿಯ 90 ಪರ್ಸೆಂಟ್ ಸಿಗುತ್ತೆ. ಆದರೆ ಅವತ್ತಿನ ಎಂಟ್ರಿನೇ ಇಲ್ಲ, ಇಎಸ್‌ಐಗೆ ಕಳಿಸುವ ಅಪಘಾತದ ವರದಿ, ಫಾರಂ 12, ಹೋಗಿಲ್ಲ. 24 ಗಂಟೆಯಲ್ಲಿ ಹೋಗಬೇಕಾದದ್ದು ಹತ್ತು ದಿನ ಬಿಟ್ಟು ಹೋದರೆ ಪ್ರಶ್ನೆ ಬರದೆ ಇರುತ್ತಾ? ಕೊನೆಗೆ 18 ದಿನದ ಕೂಲಿ ಕಂಪನಿಯೇ ಕೊಟ್ಟಿತು. ಕೂಲಿಯ ಮೇಲೆ ಕಂಪನಿ 3.25 ಪರ್ಸೆಂಟ್, ಕೆಲಸಗಾರರು 0.75 ಪರ್ಸೆಂಟ್ ಅಂತ ಇಎಸ್‌ಐಗೆ ತಿಂಗಳು ತಿಂಗಳು ಕಟ್ಟಿದ ದುಡ್ಡು ಬೇಕಾದಾಗ ಸಿಗಲಿಲ್ಲ ಅಂದರೆ ಹೊಟ್ಟೆ ಉರಿಯುತ್ತೆ.

ಬೋರ್ಡ್ ಅವತ್ತೇ ಕಿತ್ತು ಹಾಕಿದೆ. ಗಾಯ ಆದರೆ ವಾಟ್ಸಾಪಿನಲ್ಲಿ ವಾಯ್ಸ್ ಕಳಿಸಿ ಅಂತ ಹೇಳಿ ನೋಡಿದೆ. ಎರಡು ಬಂದವು. ಎರಡರಲ್ಲೂ ಪ್ರೆಸ್ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

ಆಮೇಲೆ ಮಾಡಿದ್ದು ಇದು. ದೊಡ್ಡ ಹಾಳೆ ಮೇಲೆ ನನ್ನ ಎರಡೂ ಕೈ ಇಟ್ಟು ಸುತ್ತ ಗೆರೆ ಎಳೆದೆ. ಟೀ ಕ್ಯಾನ್ ಪಕ್ಕ ಅಂಟಿಸಿ, ಕೆಂಪು ಸ್ಕೆಚ್ ಪೆನ್ ದಾರದಲ್ಲಿ ನೇತು ಹಾಕಿದೆ. ಎಲ್ಲಿ ತಗುಲಿತೋ ಅಲ್ಲೊಂದು ಚುಕ್ಕೆ, ಪಕ್ಕದಲ್ಲಿ ಮಷಿನ್ ನಂಬರ್. ಹೆಸರು ಬೇಡ. ಔಷಧಿ ಹಾಕುವಂಥದ್ದಾದರೆ ನಾನೇ ಹೋಗಿ ಕೇಳಿ ರಿಜಿಸ್ಟರಿಗೆ ಬರೆಯುತ್ತೇನೆ. "ಇನ್‌ಸ್ಪೆಕ್ಟರ್ ಬಂದು ಇದನ್ನ ನೋಡಿದರೆ ಏನ್ರೀ ಗತಿ?" ಅಂದರು ಯಜಮಾನರು. ಪಕ್ಕದ ಯೂನಿಟ್‌ನವರಂತೂ ನಕ್ಕರು.

ಎರಡು ವಾರ ಹಾಳೆ ಖಾಲಿ. ಮೂರನೇ ವಾರ ಮಷಿನಿಗೆ ಡೈ (ತಗಡು ಒತ್ತುವ ಅಚ್ಚು) ಕೂರಿಸುವ ನಮ್ಮ ಹಿರಿಯ ಸೆಟ್ಟರ್, ಹಿಂದೆ ಬೇರೆ ಕಡೆ ಒಂದು ಬೆರಳ ತುದಿ ಕಳೆದುಕೊಂಡವರು, ಎಲ್ಲರೆದುರು ಮೊದಲ ಚುಕ್ಕೆ ಇಟ್ಟರು. ಅವರನ್ನು ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಎರಡು ತಿಂಗಳಲ್ಲಿ 40 ಚುಕ್ಕೆ ದಾಟಿತು. ಅರ್ಧಕ್ಕಿಂತ ಜಾಸ್ತಿ ಎಡಗೈ ಹೆಬ್ಬೆರಳ ಬುಡದಲ್ಲಿ, ಒಂದೇ ಮಷಿನ್ ನಂಬರ್. ಅರ್ಧ ದಿನ ಅಲ್ಲೇ ನಿಂತು ನೋಡಿದೆ. ಪೀಸ್ ಬೀಳುವ ಟ್ರೇ ಅಂಚು ಕತ್ತಿ ಥರ ಇತ್ತು. ರಬ್ಬರ್ ಹೋಸ್ ಸೀಳಿ ಅಂಚಿಗೆ ಸಿಕ್ಕಿಸಿದೆವು. ಖರ್ಚು 250 ರೂಪಾಯಿ. ಮುಂದಿನ ಹಾಳೆಯಲ್ಲಿ ಅಲ್ಲಿ ಎರಡೇ ಚುಕ್ಕೆ. ಅವತ್ತು ನಕ್ಕ ಯೂನಿಟ್‌ನವರು ಈಗ ಬಂದು ಹಾಳೆಯ ಫೋಟೋ ತೆಗೆದುಕೊಂಡು ಹೋಗಿದ್ದಾರೆ.

ಇದೇ ಹುರುಪಿನಲ್ಲಿ ಕಿವಿಯ ಚಿತ್ರವನ್ನೂ ಅಂಟಿಸಿದೆ. ಸದ್ದಿನಿಂದ ಬರುವ ಕಿವುಡು ಕಾನೂನಿನ ಕಾಯಿಲೆಗಳ ಪಟ್ಟಿಯಲ್ಲೇ ಇದೆ, ರಿಪೋರ್ಟ್ ಮಾಡಲೇಬೇಕು. ಒಂದು ಚುಕ್ಕೆಯೂ ಬೀಳಲಿಲ್ಲ. ಕಿವಿಯಿಂದ ರಕ್ತ ಬರಲ್ಲವಲ್ಲ, ಹೋಗಿದ್ದು ಅವರಿಗೇ ಗೊತ್ತಾಗಲ್ಲ. ಊಟದ ಹೊತ್ತಿನಲ್ಲಿ ಹಿಂದಿನಿಂದ ಮೆಲ್ಲಗೆ ಹೆಸರು ಕರೆದು ನೋಡಿದೆ. ತಿರುಗದ 12 ಜನಕ್ಕೆ ಕಿವಿ ಪರೀಕ್ಷೆ ಮಾಡಿಸಿದೆ, ಮೂರೂವರೆ ಸಾವಿರದಷ್ಟಾಯಿತು. ನಾಲ್ಕು ಜನರದ್ದು ಚೆನ್ನಾಗಿರಲಿಲ್ಲ. ಅವರ ಕಾಗದ ಪತ್ರ ಈಗ ಓಡಾಡುತ್ತಿದೆ.

ಹೋದ ವಾರ ಕೈಗಳ ಕೆಳಗೆ ಖಾಲಿ ಜಾಗದಲ್ಲಿ ಯಾರೋ ಬಾಲ್ ಪೆನ್ನಿನಲ್ಲಿ ಒಂದು ಪಾದ ಬರೆದಿದ್ದರು. ಹೆಬ್ಬೆರಳ ಮೇಲೆ ಕೆಂಪು ಚುಕ್ಕೆ, ಪಕ್ಕದಲ್ಲಿ ಮಷಿನ್ ನಂಬರ್ 7. ಡೈ ಇಳಿಸುವ ಜಾಗ ಅದು. ಸೋಮವಾರ ನನ್ನ ಪಾದವನ್ನೂ ಹಾಳೆ ಮೇಲಿಟ್ಟು ಗೆರೆ ಎಳೆದೆ.