ಕಪ್ಪಿನ ಅಳತೆಯೂ ಗ್ರಾಂ ಲೆಕ್ಕವೂ

ಒಂದು ಕಪ್ ಅಂದರೆ ಎಲ್ಲದಕ್ಕೂ ಒಂದೇ ತೂಕ ಅಲ್ಲ. 240 ಮಿಲಿ ಕಪ್ಪಿನಲ್ಲಿ ನೀರು 240 ಗ್ರಾಂ ಹಿಡಿಯುತ್ತದೆ. ಅದೇ ಕಪ್ಪಿನಲ್ಲಿ ಸಕ್ಕರೆ ಸುಮಾರು 200, ಮೈದಾ 120ರಿಂದ 130, ಜೇನುತುಪ್ಪ 340 ಗ್ರಾಂ. ನಮ್ಮ ಜೋನಿ ಬೆಲ್ಲವೂ (ಪಾಕದಂಥ ದ್ರವ ಬೆಲ್ಲ) ನೀರಿಗಿಂತ ಭಾರವೇ.

ಜಾಸ್ತಿ ಎಡವಟ್ಟಾಗುವುದು ಹಿಟ್ಟಿನಲ್ಲಿ. ಡಬ್ಬಿಯೊಳಗೆ ಕಪ್ ಒತ್ತಿ ತುಂಬಿದರೆ ಅದೇ ಮೈದಾ 150 ಗ್ರಾಂ ಆಗಿಬಿಡಬಹುದು. ಮಲೆನಾಡಿನ ಮಳೆಗಾಲದಲ್ಲಿ ಹಿಟ್ಟು ತೇವ ಎಳೆದುಕೊಂಡು ಗಂಟು ಬೇರೆ ಕಟ್ಟುತ್ತದೆ. ಮೊದಲು ಜರಡಿ ಹಿಡಿಯಿರಿ. ಚಮಚದಲ್ಲಿ ಹಗುರವಾಗಿ ತುಂಬಿ, ಚಾಕುವಿನ ಬೆನ್ನಿಂದ ಮೇಲೆ ಸಮ ಮಾಡಿ. ಕಪ್ ಕುಟ್ಟಬೇಡಿ.

ಕಡುಬಿಗೆ ಇಷ್ಟೆಲ್ಲ ಬೇಡ. ಅಕ್ಕಿತರಿ, ನೀರು ಎರಡನ್ನೂ ಒಂದೇ ಲೋಟದಲ್ಲಿ ಅಳೆದರೆ ಸಾಕು. ಕೇಕಿಗೆ ಮಾತ್ರ ದಯವಿಟ್ಟು ತೂಕವನ್ನೇ ನಂಬಿ.

ಮನೆಯ ಲೋಟದ ಅಳತೆ ಗೊತ್ತಿಲ್ವಾ? ಖಾಲಿ ಲೋಟವನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ಅಂಚಿನವರೆಗೆ ನೀರು ತುಂಬಿ. ಎಷ್ಟು ಗ್ರಾಂ ತೋರಿಸುತ್ತದೋ ಲೋಟ ಅಷ್ಟೇ ಮಿಲಿ. ಆಮೇಲೆ ಅಕ್ಕಿ, ತರಿ, ಬೆಲ್ಲದ ಪುಡಿ ಒಂದೊಂದೇ ತೂಗಿ, ಚೀಟಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ. ಹಳೇ ಪಾವು ಇದ್ದರೆ ಅದನ್ನೂ ಹೀಗೇ ಅಳೆದಿಡಿ. ಅಜ್ಜಿಯರು ಹೇಳುವ ಲೆಕ್ಕವೆಲ್ಲ ಪಾವಿನಲ್ಲೇ ಅಲ್ವಾ!